ಕುಸುರೆಳ್ಳಿನ ಪದರ

ನಮ್ಮ ವಿಭಾಗಕ್ಕೆ ಹೊಸದಾಗಿ ಸೇರುವ ಹುಡುಗರಿಗೆಲ್ಲ ಈಗ ಒಂದು ಕಥೆ ಹೇಳುತ್ತಾರಂತೆ. ತೀರಿಹೋದ ಸರ್ ಹಾಳು ಕ್ವಾರಿಯಲ್ಲಿ ನನಗೆ ಕಾಣಿಸಿಕೊಂಡರಂತೆ. ಹೆಸರು ಹಿಡಿದು ಕರೆದರಂತೆ. ಬೆರಳು ಮಾಡಿ ಕಲ್ಲು ತೋರಿಸಿದರಂತೆ. ‘ಹೋಗಲಿ ತಂಗಿ, ಮಾಫ್ ಮಾಡೇನಿ’ ಅಂದರಂತೆ. ಇದರಲ್ಲಿ ನಾಲ್ಕು ಹೇಳಿಕೆಗಳಿವೆ, ನಾಲ್ಕೂ ಸುಳ್ಳು. ನನಗೆ ಯಾರೂ ಕಾಣಿಸಲಿಲ್ಲ, ಯಾರೂ ಕರೆಯಲಿಲ್ಲ, ಯಾರೂ ಬೆರಳು ಮಾಡಲಿಲ್ಲ. ಮಾಫಿಯ ಮಾತಂತೂ ಬರಲೇ ಇಲ್ಲ. ಬಂದಿದ್ದರೆ ಇದನ್ನು ಬರೆಯುವ ಗರಜೇ ನನಗಿರಲಿಲ್ಲ.

ನಾನು ಇಂಥದ್ದನ್ನು ನಂಬುವವಳಲ್ಲ. ಹೈಸ್ಕೂಲಿನಿಂದಲೂ ಚರ್ಚಾಸ್ಪರ್ಧೆಗಳಲ್ಲೇ ಬೆಳೆದವಳು. ನವನಗರದ ನಮ್ಮ ಮನೆಯಲ್ಲಿ ಗೆದ್ದ ಕಪ್ಪುಗಳಿಗೆ ಜಾಗ ಸಾಲದೆ ಅವ್ವ ಕೆಲವನ್ನು ಜೋಳದ ಡಬ್ಬಿಯ ಮೇಲೆ ಇಟ್ಟಿದ್ದಾಳೆ. ಚರ್ಚೆಯಲ್ಲಿ ನನಗೆ ಮೊದಲು ಕಲಿಸಿದ ಪಾಠ ಇದು: ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಎದುರಾಳಿಗೆ ಕೇಳಬಾರದು. ಆ ಪಾಠವನ್ನು ನಾನು ಎಷ್ಟು ಚೆನ್ನಾಗಿ ಕಲಿತೆನೆಂದರೆ, ನನಗೆ ಭೂವಿಜ್ಞಾನ ಕಲಿಸಿದ ಸರ್ ಮೇಲೆಯೇ ಅದನ್ನು ಪ್ರಯೋಗಿಸಿದೆ.

ಬಾದಾಮಿಯ ಕೆಂಪು ಕಲ್ಲು ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಇಳಕಲ್ಲಿನ ಗುಲಾಬಿ ಗ್ರಾನೈಟು ಹಡಗು ಹತ್ತಿ ಪರದೇಶಕ್ಕೆ ಹೋಗುತ್ತದೆ. ಬಾಗಲಕೋಟೆಯ ಸುಣ್ಣದ ಕಲ್ಲು ಮಾತ್ರ ಯಾರ ಕಣ್ಣಿಗೂ ಬೀಳದೆ ಸಿಮೆಂಟಾಗಿ ಹುಡಿಯಾಗುತ್ತದೆ. ಸರ್ ತಮ್ಮ ಪ್ರಾಯವನ್ನೆಲ್ಲ ಆ ಕಲ್ಲಿಗೆ ಕೊಟ್ಟಿದ್ದರು. ಮರಳುಗಲ್ಲು ಬೇರೆ ಎಲ್ಲಿಂದಲೋ ಬಂದು ಕೂತದ್ದು, ಸುಣ್ಣದ ಕಲ್ಲು ಬಹುಮಟ್ಟಿಗೆ ಹುಟ್ಟಿದ ನೀರಿನಲ್ಲೇ ಬೆಳೆದದ್ದು, ಅದಕ್ಕೇ ಅದು ಆ ನೀರಿನ ಸ್ವಭಾವವನ್ನು ಮುಚ್ಚಿಡಲಾರದು ಎನ್ನುತ್ತಿದ್ದರು. ನೀರು ಸುಮ್ಮನಿದ್ದಲ್ಲಿ ನುಣ್ಣನೆಯ ಸುಣ್ಣದ ಕೆಸರು ಕೂಡುತ್ತದೆ. ಆ ನೀರು ಆಗಾಗ ಆರಿದರೆ ಕೆಸರು ಬಿರುಕು ಬಿಟ್ಟು, ಬಿರುಕೂ ಕಲ್ಲಾಗುತ್ತದೆ. ಬಿಸಿಲು ತಳ ಮುಟ್ಟುವಷ್ಟು ಆಳದಲ್ಲಿ ಪಾಚಿಯಂಥ ಲೋಳೆ ಪೊರೆಯ ಮೇಲೆ ಪೊರೆ ಕಟ್ಟಿ, ಅಡ್ಡ ಕೊಯ್ದ ಉಳ್ಳಾಗಡ್ಡಿಯ ಹಾಗೆ ಕಾಣುವ ಕಲ್ಲನ್ನು ಬಿಡುತ್ತದೆ. ಅಲೆ ಹೊಡೆಯುವ ಕಡೆಯ ಕಲ್ಲು ಬೇರೆಯೇ.

ನಮ್ಮ ಕಲ್ಲಿನ ಸಮುದ್ರದಲ್ಲಿ ಮೀನಿರಲಿಲ್ಲ, ಶಂಖ ಇರಲಿಲ್ಲ, ದಂಡೆಯಲ್ಲಿ ಹುಲ್ಲಿನ ಎಸಳೂ ಇರಲಿಲ್ಲ. ಕಣ್ಣು ಎಂಬುದೇ ಇನ್ನೂ ಹುಟ್ಟಿರಲಿಲ್ಲ. ಎಷ್ಟೋ ಕೋಟಿ ವರ್ಷ ಅದು ಯಾರೂ ನೋಡದೆ ಬಂದು ಹೋಗಿ ಮಾಡುತ್ತಿತ್ತು. ಅದನ್ನು ಮೊದಲು ಕೇಳಿದಾಗ ನನಗೆ ಏನೂ ಅನಿಸಿರಲಿಲ್ಲ. ಈಗ ಅನಿಸುತ್ತದೆ.

ನನ್ನ ಪ್ರಬಂಧ ಬಾಗಲಕೋಟೆಯ ಪಶ್ಚಿಮಕ್ಕಿರುವ, ಕೆಲಸ ನಿಂತ ಒಂದು ಕ್ವಾರಿಯ ಬಗ್ಗೆ. ಗೋಡೆಯ ಪದರಗಳನ್ನು ಒಂದೊಂದಾಗಿ ಅಳೆದು ನಾನು ತೀರ್ಮಾನ ಬರೆದೆ: ಇಲ್ಲಿದ್ದದ್ದು ಮೊಣಕಾಲುದ್ದದ, ಅಲೆಯಿಲ್ಲದ, ಆಗಾಗ ಆರುವ ನೀರು, ಬೇರೇನಲ್ಲ. ಸರ್ ಒಪ್ಪಲಿಲ್ಲ. ತಳದ ಹತ್ತಿರ ಎರಡು ಬೆರಳು ದಪ್ಪದ, ಕಾಳುಕಾಳಾದ ಪದರವೊಂದಿದೆ, ಪ್ರಾಯದಲ್ಲಿ ತಾವೇ ಕಂಡದ್ದು ಎಂದರು. ಅವರು ಅದಕ್ಕೆ ಕುಸುರೆಳ್ಳಿನ ಪದರ ಎಂದೇ ಹೆಸರಿಟ್ಟಿದ್ದರು.

“ಸಂಕ್ರಮಣಕ್ಕ ನಿಮ್ಮವ್ವ ಕುಸರೆಳ್ಳು ಮಾಡೂದು ನೋಡೀ ಇಲ್ಲೋ? ಪರಾತದಾಗ ಎಳ್ಳು ಉಳ್ಳತಿರಬೇಕು, ಮ್ಯಾಲೆ ಪಾಕ ಹನಿಹನಿ ಬೀಳತಿರಬೇಕು. ಕೈ ನಿಂತ್ರ ಮುದ್ದಿ ಆಗ್ತೈತಿ. ಕಾಳು ದುಂಡಗ ಐತಿ ಅಂದ್ರ ಅಲ್ಲೆ ಕೈ ಆಡೈತಿ ತಂಗಿ. ನೀರಿನ ಕೈ.”

ಇದನ್ನವರು ಹೇಳಿದ್ದು ಶನಿವಾರದ ಸೆಮಿನಾರಿನಲ್ಲಿ, ಎಲ್ಲ ವಿದ್ಯಾರ್ಥಿಗಳ ಎದುರು. ನಾನು ಎದ್ದು ನಿಂತು ಮೂರು ಪ್ರಶ್ನೆ ಕೇಳಿದೆ. ಸ್ಯಾಂಪಲ್ ಐತೇನ್ರಿ ಸರ್? ಇಲ್ಲ. ಹಳೇ ಬಾಗಲಕೋಟೆಯ ಅವರ ಮನೆ ಅಣೆಕಟ್ಟಿನ ಹಿನ್ನೀರಿಗೆ ಹೋದಾಗ ಕಲ್ಲಿನ ಪೆಟ್ಟಿಗೆಯೂ ಅಲ್ಲೇ ಉಳಿಯಿತು. ಫೋಟೋ? ಇಲ್ಲ. ನಿಮ್ಮನ್ನ ಬಿಟ್ಟು ಮತ್ಯಾರರ ನೋಡ್ಯಾರೇನ್ರಿ? ಸರ್, “ಹನಮಪ್ಪ ನೋಡ್ಯಾನ,” ಅಂದರು.

ಹನಮಪ್ಪ ಕಾಕಾ ಕ್ವಾರಿ ಪಕ್ಕದ ಹಳ್ಳಿಯಲ್ಲಿ ಕುರಿ ಕಾಯುವವರು. ಸರ್ ಫೀಲ್ಡಿಗೆ ಹೋದಾಗಲೆಲ್ಲ ಕಲ್ಲಿನ ಚೀಲ ಹೊತ್ತು ಜೊತೆಗೆ ತಿರುಗಿದವರು.

“ಹಂಗಾರ ರೆಫರೆನ್ಸ್ ಲಿಸ್ಟಿನ್ಯಾಗ ಹಾಕೂಣಲ್ರಿ ಸರ್,” ಅಂದೆ ನಾನು. “ಹನಮಪ್ಪ ಮತ್ತು ಅವನ ಕುರಿಗಳು, ಅಂತ.”

ಇಡೀ ಕೋಣೆ ನಕ್ಕಿತು. ಸರ್ ಕೂಡ ನಕ್ಕರು. ಆದರೆ ಬೋರ್ಡಿನ ಮೇಲೆ ಬರೆದಿದ್ದ ಆ ಪದರದ ಗೆರೆಯನ್ನು ಅಂಗೈಯಿಂದ ತಾವೇ ಒರೆಸಿ ಕೂತುಬಿಟ್ಟರು. ಒಂದು ಸಂಗತಿಯನ್ನು ಅಂದು ಯಾರೂ ನನ್ನನ್ನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಕ್ವಾರಿಯ ತಳದಲ್ಲಿ ನೀರು ನಿಂತಿತ್ತು. ಆ ತಳವನ್ನು ನಾನು ನೋಡಿಯೇ ಇರಲಿಲ್ಲ. ಸರ್‌ಗೆ ಅದು ಗೊತ್ತಿತ್ತು. ಮೆಟ್ಟಿಲಿಳಿಯುವಾಗ ಮೆಲ್ಲಗೆ ಅಂದರು: “ಬ್ಯಾಸಗಿ ಬರಲಿ. ನೀರು ಇಳಿತೈತಿ. ಇಬ್ಬರೂ ಕೂಡಿ ಹೋಗೂಣು.” ನಾಲ್ಕು ಮಂದಿಯ ಮುಂದೆ ಹೇಳಬಹುದಾಗಿದ್ದ ಮಾತನ್ನು ಅವರು ಮೆಟ್ಟಿಲ ಮೇಲೆ ಹೇಳಿದರು.

ಆ ಸಂಕ್ರಮಣ ಕಳೆದು ಎಂಟು ದಿನಕ್ಕೆ ಸರ್ ತೀರಿಕೊಂಡರು. ಹೃದಯಾಘಾತ. ಆಮೇಲೆ ವಿಭಾಗದಲ್ಲಿ ನನ್ನ ಮಾತಿಗೆ ಎದುರು ಹೇಳುವವರಿಲ್ಲದಾದರು. ನಾನು ಏನೆಂದರೂ ತಲೆಯಾಡಿಸುತ್ತಿದ್ದರು, ಇಲ್ಲವೇ ಚಹಾಕ್ಕೆ ಏಳುತ್ತಿದ್ದರು. ಲ್ಯಾಬಿನಲ್ಲಿ ಒಬ್ಬಳೇ ಕೂತು ಅವರ ಪರವಾಗಿಯೂ ನಾನೇ ವಾದ ಹೂಡಿ, ನಾನೇ ಉತ್ತರ ಕೊಟ್ಟು, ನಾನೇ ಗೆದ್ದು ಎದ್ದುಬರುತ್ತಿದ್ದೆ. ಅಷ್ಟು ರುಚಿಯಿಲ್ಲದ ಗೆಲುವನ್ನು ನಾನು ಯಾವ ವೇದಿಕೆಯಲ್ಲೂ ಕಂಡಿಲ್ಲ.

ಮೇ ತಿಂಗಳಲ್ಲಿ ಕ್ವಾರಿಗೆ ಹೋದೆ. ಪ್ರಬಂಧ ಒಪ್ಪಿಸಲು ಮೂರು ವಾರ ಉಳಿದಿತ್ತು, ತೀರ್ಮಾನದ ಅಧ್ಯಾಯ ಟೈಪಾಗಿತ್ತು. ಹೋದದ್ದು ತಳ ನೋಡಿ ‘ಅಲ್ಲಿ ಏನೂ ಇಲ್ಲ’ ಎಂಬ ಒಂದು ಸಾಲು ಸೇರಿಸಲು. ಬಸ್ಸಿಳಿದು ನಡೆದೆ. ಹನಮಪ್ಪ ಕಾಕಾ ಕ್ವಾರಿಯ ಅಂಚಿನವರೆಗೆ ಚೀಲ ಹೊತ್ತು ತಂದರು. “ಸಾಹೇಬ್ರು ಇಲ್ಲದ್ದಕ್ಕ ಚೀಲ ಹಗರ ಆಗೇತಿ ಯವ್ವಾ,” ಅಂದರು. “ನೀರು ತಳಾ ಕಂಡೈತಿ, ಇಳಿಯಾಕ ಬರ್ತೈತಿ. ಹುಷಾರ. ನಾ ಕುರಿಗೆ ನೀರು ಕುಡಿಸಿ ಬರ್ತೇನಿ.”

ಮಧ್ಯಾಹ್ನ ಎರಡು ಗಂಟೆಯಿದ್ದೀತು. ಮೂರು ಕಡೆ ಗೋಡೆ, ಹಿಂದೆ ಲಾರಿ ಇಳಿಯುತ್ತಿದ್ದ ಒಂದೇ ದಾರಿ. ತಳದ ಕೆಸರು ಆರಿ ಬಿರುಕು ಬಿಟ್ಟು, ಮೇಲಿನ ಪೊರೆ ಹಪ್ಪಳದ ಹಾಗೆ ಎದ್ದಿತ್ತು. ಕಾಲಿಟ್ಟಲ್ಲೆಲ್ಲ ಪಟಪಟ ಮುರಿಯುತ್ತಿತ್ತು. ಗೋಡೆಯ ಕಲ್ಲಿನಲ್ಲಿಯೂ ಅದೇ ಬಿರುಕು, ಕೆಳಗೆ ಕೆಸರಿನಲ್ಲಿಯೂ ಅದೇ ಬಿರುಕು. ಹಕ್ಕಿಯ ದನಿ ಕೂಡ ಇರಲಿಲ್ಲ. ಗೋಡೆಯ ಹತ್ತಿರ ಕೂತು ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದೆ. ಸುತ್ತಿಗೆ ಚೀಲದಲ್ಲಿತ್ತು.

ಆಗ ಕೇಳಿಸಿತು. ಟಕ್, ಟಕ್. ಒಂದು ಉಸಿರು ಬಿಟ್ಟು, ಠಣ್.

ಸರ್ ಕಲ್ಲು ಒಡೆಯುತ್ತಿದ್ದದ್ದೇ ಹಾಗೆ. ಮೊದಲು ಎರಡು ಸಲ ಮೆಲ್ಲಗೆ ಬಡಿದು ಕಲ್ಲಿನ ದನಿ ಕೇಳುವುದು. ಒಳಗೆ ಬಿರುಕಿದ್ದರೆ ಬೊದ್ದು ಸದ್ದು, ಗಟ್ಟಿಯಿದ್ದರೆ ಖಣ ಖಣ. ಆಮೇಲೆ ಏಟು. ನಾನೂ ಅವರಿಂದ ಹಾಗೆಯೇ ಕಲಿತಿದ್ದೆ. ಆದರೆ ಸದ್ದು ನನ್ನದಲ್ಲ, ಗೋಡೆ ತಿರುಗುವ ಮೂಲೆಯ ಆಚೆಗಿನದು. “ಕಾಕಾ?” ಎಂದೆ. ಗೋಡೆ ನನ್ನ ದನಿಯನ್ನೇ ಮರಳಿ ಕೊಟ್ಟಿತು.

ಮೂಲೆ ದಾಟಿದೆ. ಅಲ್ಲಿ ಯಾರೂ ಇರಲಿಲ್ಲ. ಮೊಣಕಾಲೆತ್ತರದಲ್ಲಿ ಕಲ್ಲು ಆಗಷ್ಟೇ ಒಡೆದಿತ್ತು. ಏಟು ಬಿದ್ದಲ್ಲಿ ಬಿಳಿ ಹುಡಿ, ಕೆಳಗೆ ಚೂರುಗಳು. ಒಡೆದ ಮುಖದ ಮೇಲೆ ಆಸಿಡ್ ಬುರುಗುತ್ತಿತ್ತು.

ಕಲ್ಲು ಓದದವರಿಗೆ ಇದು ಎಂಥ ಮಾತೆಂದು ಹೇಳಬೇಕು. ಸುಣ್ಣದ ಕಲ್ಲು ಹೌದೋ ಅಲ್ಲವೋ ತಿಳಿಯಲು ನಾವು ಅದರ ಮೇಲೆ ಎರಡು ಹನಿ ಆಸಿಡ್ ಬಿಡುತ್ತೇವೆ. ಚುರ್ ಎಂದು ನೊರೆ ಬರುತ್ತದೆ, ಕೆಲವೇ ಉಸಿರಿನಷ್ಟು ಹೊತ್ತಿಗೆ ಸತ್ತುಹೋಗುತ್ತದೆ. ನಾನು ಬಗ್ಗಿ ಕಿವಿ ಹತ್ತಿರ ಇಟ್ಟೆ. ಚುರುಚುರು ಸದ್ದು ಸಣ್ಣಗಾಗುತ್ತಾ ಬಂದು ನಿಂತಿತು. ಗುಳ್ಳೆ ಒಡೆದವು. ಒಂದು ಗೆರೆ ನೀರು ಇಳಿದು ಆರಿತು. ನೊರೆ ಹೋದ ಜಾಗದಲ್ಲಿ ದುಂಡದುಂಡಗೆ ಕಾಳು. ಎರಡು ಬೆರಳು ದಪ್ಪ. ಕುಸುರೆಳ್ಳು.

ಜೇಬು ಮುಟ್ಟಿಕೊಂಡೆ. ನನ್ನ ಆಸಿಡ್ ಬಾಟಲಿ ಮುಚ್ಚಳ ಬಿಗಿದ ಹಾಗೇ ಇತ್ತು. ಹಿಂದೆ ನೋಡಿದೆ. ಆ ಹಪ್ಪಳದಂಥ ಕೆಸರಿನ ಮೇಲೆ ಮೂಡಿದ್ದದ್ದು ನನ್ನ ಹೆಜ್ಜೆಗಳಷ್ಟೆ. ಒಂದು ಚೂರನ್ನು ಓಢಣಿಯ ಸೆರಗಿಗೆ ಕಟ್ಟಿಕೊಂಡು, ನಾಚಿಕೆಯಿಲ್ಲದೆ ಓಡಿದೆ. ಮೇಲೆ ಬಂದಾಗ ದೂರದಲ್ಲಿ, ಕಾಲುವೆಯ ಕಡೆ, ಒಂದು ಬಿಳಿ ರುಮಾಲು ಮತ್ತು ಕುರಿಗಳು ಕಾಳಿನಷ್ಟು ಸಣ್ಣಗೆ ಕಂಡವು.

ಇನ್ನು ನನ್ನ ವಾದ. ನೊರೆ ಮೊದಲಿನದೇ ಇರಬಹುದೇ? ಮನೆಯಲ್ಲಿ ಅದೇ ಚೂರಿನ ಮೇಲೆ ಹನಿ ಬಿಟ್ಟು ಗಡಿಯಾರ ಹಿಡಿದು ಕೂತೆ. ಅರ್ಧ ನಿಮಿಷವೂ ಬಾಳಲಿಲ್ಲ. ಸುಣ್ಣದ ಕಲ್ಲಿನ ದಾಯಾದಿ ಡಾಲೊಮೈಟ್ ಆಗಿದ್ದರೆ ತಡವಾಗಿ, ಸಣ್ಣಗೆ ನೊರೆಯುತ್ತದೆ, ಆದರೆ ಇದು ಡಾಲೊಮೈಟ್ ಅಲ್ಲ. ಬಿಸಿಲಿಗೆ ತಲೆ ಕೆಟ್ಟಿತ್ತೇ? ಚೂರು ನನ್ನ ಮೇಜಿನ ಮೇಲಿದೆ. ಉಳಿದದ್ದು ಹನಮಪ್ಪ ಕಾಕಾ. ಗೋಡೆಯ ಬುಡಕ್ಕೆ ಅಂಟಿ ಒಂದು ಪಾದದಗಲದ ಕಲ್ಲಿನ ಅಂಚು ಇರುವುದನ್ನು ನಾನು ಕಂಡದ್ದು ಮುಂದಿನ ವರ್ಷ. ಕುರಿಯ ಹಿಂದೆ ಬೆಳೆದ ಕಾಲಿಗೆ ಅಷ್ಟು ಸಾಕು. ದೂರದ ರುಮಾಲು ಅವರದೇ ಎಂದೂ ಹೇಳಲಾರೆ. ಬಿಳಿ ರುಮಾಲು ಯಾರ ತಲೆಯ ಮೇಲಿಲ್ಲ ನಮ್ಮ ಕಡೆ? ಆದರೆ ಮುದುಕರು ಅಷ್ಟು ಬೇಗ ಮಾಯವಾಗುವುದು ಹೇಗೆ? ಆಸಿಡ್ ಎಲ್ಲಿಂದ?

ಅಂದು ನನ್ನ ಜೇಬಿನಲ್ಲಿ ಮೊಬೈಲೂ ಇತ್ತು. ತೆಗೆಯಲಿಲ್ಲ. ಆ ಬುರುಗಿನ ಸ್ಯಾಂಪಲ್ ಐತೇನು? ಇಲ್ಲ. ಫೋಟೋ? ಇಲ್ಲ. ಮತ್ಯಾರರ ನೋಡ್ಯಾರೇನು? ಇಲ್ಲ. ಸರ್‌ಗೆ ಹೇಳಲು ಒಬ್ಬ ಹನಮಪ್ಪನಾದರೂ ಇದ್ದ.

ಟೈಪಾಗಿದ್ದ ತೀರ್ಮಾನವನ್ನು ಹರಿದು ಹಾಕಿದೆ. ಪ್ರಬಂಧ ಆರು ತಿಂಗಳು ತಡವಾಯಿತು. ಚೂರನ್ನು ತೆಳ್ಳಗೆ ಉಜ್ಜಿ ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ಪ್ರತಿ ಕಾಳಿನಲ್ಲೂ ಒಂದರೊಳಗೊಂದು ಬಳೆ ಕಂಡವು. ಅಲ್ಲಿ ಕೈ ಆಡಿತ್ತು. ‘ಈ ಪದರವನ್ನು ಮೊದಲು ಗುರುತಿಸಿದವರು ನಮ್ಮ ಸರ್, ಜೊತೆಗೆ ಕಂಡವರು ಹನಮಪ್ಪ’ ಎಂದು ಇಬ್ಬರ ಹೆಸರೂ ಹಾಕಿ ಬರೆದೆ. ಹೇಗೆ ಸಿಕ್ಕಿತೆಂದು ಪರೀಕ್ಷಕರು ಕೇಳಿದಾಗ, ನೀರು ಇಳಿದಿತ್ತು ಅಂದೆ. ಅದು ಸುಳ್ಳಲ್ಲ.

ಈಗ ನಾಲ್ಕು ವರ್ಷವಾಯಿತು. ಕಾಕಾ ಕುರಿ ಮಾರಿ ಕಮತಗಿಯಲ್ಲಿರುವ ಮಗಳ ಮನೆಗೆ ಬಂದಿದ್ದಾರೆ. ಹೋದ ವಾರ ಬೈಂಡು ಹಾಕಿಸಿದ ಪ್ರಬಂಧ ತೆಗೆದುಕೊಂಡು ಹೋಗಿ, ಆ ಪುಟ ತೆರೆದು, ಅವರ ಬೆರಳು ಹಿಡಿದು ಹೆಸರಿನ ಮೇಲೆ ಇಟ್ಟೆ. ಅವರು ಸ್ವಲ್ಪ ಹೊತ್ತು ಅಕ್ಷರಗಳನ್ನು ಸವರಿದರು. ಆಮೇಲೆ ನನ್ನ ಕಡೆ ನೋಡಿ, ಬೊಚ್ಚುಬಾಯಿ ತೆರೆದು ನಕ್ಕರು.

“ಕುರೀದೂ ಹೆಸರು ಹಾಕೀ ಏನಬೇ?”

ಆ ಸೆಮಿನಾರಿನ ಮಾತನ್ನು ಸರ್ ಇವರಿಗೆ ಹೇಳಿದ್ದರು. ಅಂದರೆ ಆ ಮೇ ಮಧ್ಯಾಹ್ನ ನನ್ನ ಚೀಲ ಹೊತ್ತು ನಡೆದಾಗ ಇವರಿಗೆ ಎಲ್ಲ ಗೊತ್ತಿತ್ತು.

ಉತ್ತರ ಗೊತ್ತಿಲ್ಲದ ಪ್ರಶ್ನೆ ಕೇಳಬಾರದು ಎಂಬ ಪಾಠ ನೆನಪಾಯಿತು. ಇವರು ಹೌದೆಂದರೆ ಆ ಮೂಲೆಯಲ್ಲಿ ಸರ್ ಇರಲಿಲ್ಲ, ಇಬ್ಬರೂ ಕೂಡಿ ಹೋಗುವುದು ಆಗಲೇ ಇಲ್ಲ. ಇಲ್ಲವೆಂದರೆ, ಸರ್ ಬಂದಿದ್ದ ಮೂಲೆಯಿಂದ ಓಡಿಬಂದವಳು ನಾನು. ಎರಡರಲ್ಲಿ ಯಾವುದು ಬೇಕೆಂದು ನನಗೇ ತಿಳಿಯದು. ಆದರೂ ಕೇಳಿದೆ.

“ಕಾಕಾ, ಸರ್ ಅವರ ಆಸಿಡ್ ಬಾಟಲಿ ಆವತ್ತು ನಿಮ್ಮ ಕಡೆ ಇತ್ತೇನ್ರಿ?”