ಉಪ್ಪಿನಲ್ಲೇ ಇದ್ದ ಕೆಂಪು

ಹಸಿ ತೊಗಲಿಗೆ ಉಪ್ಪು ಸವರಿ ಒಂದರ ಮೇಲೊಂದು ಪೇರಿಸಿಡುವ ಗೋದಾಮಿನಲ್ಲಿ ಆಕೆಗೆ ಇಪ್ಪತ್ತಾರು ವರ್ಷದ ಅನುಭವ. ಎದುರಿಗೆ ಎಲ್ಲರೂ ಮೇಸ್ತ್ರಿಯಮ್ಮ ಅನ್ನುತ್ತಿದ್ದರು, ಬೆನ್ನ ಹಿಂದೆ ‘ಪತ್ತೇದಾರಮ್ಮ’. ಬಿಟ್ಟ ಚಪ್ಪಲಿ ಒಂದಂಗುಲ ಸರಿದಿದ್ದರೂ ಯಾರು ಮುಟ್ಟಿದ್ದು ಎಂದು ವಿಚಾರಿಸುವ ಹೆಂಗಸು.

ಆ ಬೇಸಿಗೆಯಲ್ಲಿ ತೊಗಲುಗಳ ಮೇಲೆ ಇಟ್ಟಿಗೆ ಬಣ್ಣದ ಕಲೆಗಳೆದ್ದವು. ಮುಟ್ಟಿದರೆ ಲೋಳೆ ಲೋಳೆ. ಉಪ್ಪು ಬಿದ್ದ ಮೇಲೆ ತೊಗಲು ಕೆಡುವ ಮಾತೇ ಇಲ್ಲ, ಇದು ಯಾರದೋ ಕೈವಾಡ ಎಂದು ಆಕೆ ತೀರ್ಮಾನಿಸಿದಳು. ಕಣ್ಣು ನೇರ ನಾದಿನಿಯ ಮೇಲೆ ಹೋಯಿತು. ಅವಳದೂ ಅಲ್ಲೇ ಕೆಲಸ, ಮೇಸ್ತ್ರಿ ಆಗಬೇಕೆಂದು ಅವಳೂ ಆಸೆಪಟ್ಟಿದ್ದಳು.

ಮೇಸ್ತ್ರಿಯಮ್ಮ ನಾದಿನಿಯ ಉಗುರು ನೋಡಿದಳು, ಊಟದ ಚೀಲ ಮೂಸಿದಳು. ಸಂಜೆ ಬೀಗ ಹಾಕುವಾಗ ಬಾಗಿಲಿಗೆ ಅಡ್ಡಲಾಗಿ ಒಂದು ಕೂದಲೆಳೆ ಅಂಟಿಸಿದಳು. ಬೆಳಿಗ್ಗೆ ಕೂದಲು ಹಾಗೇ ಇರುತ್ತಿತ್ತು, ಕಲೆ ಮಾತ್ರ ಹರಡಿರುತ್ತಿತ್ತು.

“ಕಿಟಕಿಯಿಂದ ಬರ್ತಾಳೆ, ಕಳ್ಳಿ,” ಅಂದುಕೊಂಡಳು.

ಕೊನೆಗೆ ಎಲ್ಲರೆದುರು ಕೇಳಿಯೇಬಿಟ್ಟಳು. “ಯಾವ ಬಣ್ಣ ಎರಚ್ತಾ ಇದ್ದೀಯೇ?”

ನಾದಿನಿ ಏಪ್ರನ್ ಬಿಚ್ಚಿ ಅಲ್ಲೇ ಎಸೆದು ಹೊರಟುಹೋದಳು. ಅವಳು ಹೋದ ಮೇಲೂ ಕಲೆ ನಿಲ್ಲಲಿಲ್ಲ.

ಮಾಲೀಕರು ಪ್ರಯೋಗಾಲಯದಿಂದ ಒಬ್ಬಾಕೆಯನ್ನು ಕರೆಸಿದರು. ಆಕೆ ಲೋಳೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ತೋರಿಸಿದಳು. ಸಣ್ಣ ಕಡ್ಡಿಗಳಂಥವು ಮಿಸುಕಾಡುತ್ತಿದ್ದವು.

“ಒಂದೇ ಜೀವಕೋಶದ ಜೀವಿಗಳು ಅಮ್ಮ. ಬೇರೆಯವು ಉಪ್ಪಿನಲ್ಲಿ ಸಾಯ್ತವೆ, ಇವಕ್ಕೆ ಉಪ್ಪಿಲ್ಲದಿದ್ರೇ ಸಾವು. ಉಪ್ಪಿನ ಮೂಟೆಯಲ್ಲೇ ಬಂದಿವೆ.”

“ನನ್ನ ನಾದಿನಿ ನಿಮಗೆ ಪರಿಚಯಾನಾ?”

ಆಕೆ ನಕ್ಕಳು. “ನನ್ನ ನಂಬಬೇಡಿ. ಅದೇ ಮೂಟೆಯಿಂದ ಒಂದು ಹಿಡಿ ಉಪ್ಪು ಚೆನ್ನಾಗಿ ಹುರೀರಿ, ಒಂದು ಹಿಡಿ ಹಾಗೇ ಇಡಿ. ಎರಡು ತುಂಡು ತೊಗಲಿಗೆ ಬೇರೆ ಬೇರೆ ಹಚ್ಚಿ ನೋಡಿ.”

ಮೇಸ್ತ್ರಿಯಮ್ಮ ಹಾಗೆ ಉಪ್ಪು ಹಚ್ಚಿದ ಎರಡು ತುಂಡುಗಳನ್ನು ಎರಡು ಡಬ್ಬಿಗೆ ಹಾಕಿ ಮನೆಯ ಟ್ರಂಕಿನಲ್ಲಿಟ್ಟು, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹನ್ನೆರಡನೇ ದಿನ ತೆಗೆದರೆ ಹುರಿದ ಉಪ್ಪಿನ ತುಂಡು ಬೆಳ್ಳಗಿತ್ತು, ಇನ್ನೊಂದು ಕೆಂಪಾಗಿತ್ತು. ಒಂದು ಗಳಿಗೆ ಗಂಡನನ್ನೂ ದಿಟ್ಟಿಸಿ ನೋಡಿದಳು. ಆಮೇಲೆ ಬೀಗದ ಕೈ ತನ್ನ ಸೊಂಟ ಬಿಟ್ಟು ಹೋಗಿರಲಿಲ್ಲ ಎಂಬುದು ನೆನಪಾಯಿತು.

ಅಂದೇ ನಾದಿನಿಯ ಮನೆಗೆ ಹೋದಳು. “ತಪ್ಪಾಯ್ತು ಕಣೆ. ಅದು ಉಪ್ಪಲ್ಲೇ ಇತ್ತು.”

“ಎಲ್ಲಿತ್ತು ಅಂತ ನಂಗೂ ಗೊತ್ತಿರಲಿಲ್ಲ ಅತ್ತಿಗೆ. ನಾನು ಹಾಕಿಲ್ಲ ಅಂತ ಮಾತ್ರ ಗೊತ್ತಿತ್ತು. ನೀವು ಕೇಳಿದ್ರೆ ಹೇಳ್ತಿದ್ದೆ, ಆದ್ರೆ ನೀವು ಕೇಳಲಿಲ್ಲ, ಹೊರಿಸಿದ್ರಿ.”

ಒಳಗೆ ಕರೆದಳು, ಟೀ ಕೊಟ್ಟಳು. ಗೋದಾಮಿಗೆ ಮಾತ್ರ ಮರಳಲಿಲ್ಲ. ಮರುವಾರ ಅಂಗಿಯ ಗುಂಡಿ ತಯಾರಿಸುವ ಕಾರ್ಖಾನೆಗೆ ಸೇರಿಕೊಂಡಳು.