ಐವತ್ತರ ಎಣ್ಣೆ

ಅರಸೀಕೆರೆಯಲ್ಲಿ ನಾನು ಮನೆ ಅಳಿಯನಾಗಿದ್ದೆ. ಹೆಣ್ಣು ಕೊಟ್ಟ ಮಾವ ಬೇರೆ ಯಾರೂ ಅಲ್ಲ, ನನ್ನ ತಾಯಿಯ ಅಣ್ಣ. ಮನೆ ಅವರದು, ಅನ್ನ ಅವರದು, ಬಾಣಾವರ, ಹಳೇಬೀಡಿನ ಮೇಲೆ ಬೇಲೂರಿಗೆ ನಾನು ಓಡಿಸುತ್ತಿದ್ದ ಬಸ್ಸೂ ಅವರದೇ. ಅವರೆದುರು ಬಾಯಿ ತೆರೆಯುವ ಧೈರ್ಯ ನನಗೆ ಯಾವ ಕಡೆಯಿಂದಲೂ ಬರುವಂತಿರಲಿಲ್ಲ.

ಒಂದು ಚಳಿಗಾಲ, ಸರ್ಕಾರಿ ಬಸ್ಸಿನ ಡ್ರೈವರ್ ಕೆಲಸಕ್ಕೆ ಶಿವಮೊಗ್ಗದಿಂದ ಕಾಗದ ಬಂತು. ತಿಂಗಳೊಳಗೆ ಹೋಗಿ ಸೇರಬೇಕು. ಹೆಂಡತಿ ಅವತ್ತೇ ಅಲ್ಲಿಗೆ ಒಯ್ಯಲು ನಾಲ್ಕು ಪಾತ್ರೆ ಎತ್ತಿಟ್ಟಳು. ಮಾವ ಕಾಗದ ಓದಿ ಮಡಿಸಿ ಕೊಟ್ಟರು.

"ಹೋಗೋವಂತೆ ಕಣೋ. ಹೊಸ ಇಂಜಿನ್ ಕೂರಿಸಿದೀನಿ. ಅದನ್ನ ಹದಕ್ಕೆ ತಂದು ನನ್ನ ಕೈಗೆ ಕೊಟ್ಟು ಹೋಗು."

ನ್ಯಾಯದ ಮಾತೇ. ಇಂಜಿನ್ ಚೆನ್ನಾಗಿ ಓಡಿದರೆ ನನಗೆ ಬಿಡುಗಡೆ.

ಇಂಜಿನ್ನಿಗೆ ಹಾಕುವ ಎಣ್ಣೆ ಡಬ್ಬದ ಮೇಲೆ ಮೂವತ್ತು, ನಲವತ್ತು, ಐವತ್ತು ಅಂತ ಅಂಕಿ ಇರುತ್ತದೆ. ಅಂಕಿ ಏರಿದಷ್ಟೂ ಎಣ್ಣೆ ಮಂದ. ಸವೆದ ಇಂಜಿನ್ನಿಗೆ, ಬಿರುಬೇಸಿಗೆಗೆ ಐವತ್ತು ನಡೆದೀತು. ಬಿಗಿಯಾದ ಹೊಸ ಇಂಜಿನ್ನಿಗೆ, ಅದೂ ಚಳಿಯಲ್ಲಿ, ಮೂವತ್ತೇ ಆಗಬೇಕು. ಇಂಜಿನ್ ಜೊತೆ ಬಂದ ಪುಸ್ತಕದಲ್ಲೂ ಹಾಗೇ ಇತ್ತು. ಆದರೆ ಮಾವನದು ದೇವಸ್ಥಾನದ ಸೇವೆಯ ಮನೆತನ. ಹರಳೆಣ್ಣೆ ದೀಪ ಹಚ್ಚುತ್ತಲೇ ಬೆಳೆದವರು. ಮೂವತ್ತರದು, ಐವತ್ತರದು ಎರಡೂ ಡಬ್ಬದಿಂದ ಒಂದೊಂದು ತೊಟ್ಟು ತೆಗೆದು ಬೆರಳಲ್ಲಿ ಉಜ್ಜಿ ನೋಡಿದರು.

"ಮೂವತ್ತಂತೆ. ನೀರು ಇದು. ಮಂದವಾಗಿದ್ರೆ ತಾನೇ ಎಣ್ಣೆ ನಿಂತು ಉರಿಯೋದು?"

"ಇದು ಉರಿಯೋಕಲ್ಲ ಮಾವ. ಹರಿದು ಎಲ್ಲ ಕಡೆ ಹೋಗ್ಬೇಕು."

"ನಂಗೆ ಎಣ್ಣೆ ವಿಷಯ ಹೇಳ್ಕೊಡ್ತೀಯೇನೋ?"

ಐವತ್ತು ಸುರಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ನನ್ನ ಮುಖ ನೋಡಿದಳು. ನಾನು ತೆಪ್ಪಗಿದ್ದೆ. ನನ್ನ ಮೇಲೆ ನನಗೇ ಇರುವ ಆ ಸಿಟ್ಟು ಇನ್ನೂ ಇಳಿದಿಲ್ಲ.

ದಿನಾ ಬೆಳಿಗ್ಗೆ ಇಂಜಿನ್ ಚಾಲೂ ಮಾಡುವ ಹ್ಯಾಂಡಲ್ ತಿರುಗಿಸಲು ಇಬ್ಬರು ಬೇಕಾಗುತ್ತಿತ್ತು. ಎಣ್ಣೆ ಕಾಯುವವರೆಗೆ ಇಂಜಿನ್ ಓಡಲು ಬಿಟ್ಟು ಎರಡು ನಿಮಿಷ ಬಸ್ ನಿಲ್ಲಿಸೋಣವೆಂದರೆ, "ಡೀಸೆಲ್ ಸುಡಬೇಡ, ಹೊರಡು" ಅನ್ನುತ್ತಿದ್ದರು. ಎಣ್ಣೆಯ ಒತ್ತಡದ ಮುಳ್ಳು ಮೇಲೇ ನಿಂತಿರುತ್ತಿತ್ತು. ಅದನ್ನು ತೋರಿಸಿ ಮಾವ ಬೀಗುತ್ತಿದ್ದರು. ಸಂದಿಗೆ ಇಳಿಯಲಾರದೆ ಎಣ್ಣೆ ಅಲ್ಲೇ ಒತ್ತುತ್ತಿದೆ ಎಂದು ನನಗೆ ಗೊತ್ತಿತ್ತು. ಸೀಟಿನಲ್ಲಿ ಕೂತು ದಿನ ಎಣಿಸುತ್ತಿದ್ದೆ.

ಮೂರನೇ ವಾರ, ಹಳೇಬೀಡು ದಾಟಿದ ಮೇಲೆ, ಕೆಳಗಿನಿಂದ ಕಟಕಟ ಸದ್ದು ಬಂತು. ಸ್ವಲ್ಪ ದೂರಕ್ಕೆ ಇಂಜಿನ್ ಹಿಡಿದುಕೊಂಡು ನಿಂತಿತು. ಬಿಚ್ಚಿಸಿ ನೋಡಿದರೆ, ಎಣ್ಣೆ ಸಿಗದೆ ಬೇರಿಂಗು ಕರಗಿತ್ತು. ಸಾಮಾನು ಬಂದು, ಜೋಡಿಸಿ ಮುಗಿಸುವಷ್ಟರಲ್ಲಿ ಕಾಗದದ ಗಡುವು ಕಳೆದಿತ್ತು. ಹೆಂಡತಿ ಪಾತ್ರೆಗಳನ್ನು ಮತ್ತೆ ಗೂಡಿಗೆ ಜೋಡಿಸಿದಳು.

ಇಂಜಿನ್ ಕೂರಿಸಿದ ದಿನ ಮಾವ ತಾವೇ ಮೂವತ್ತರ ಡಬ್ಬ ಹೊತ್ತು ತಂದರು.

"ನೀನೇ ಹಾಕಪ್ಪ. ನಿಂಗೆ ಗೊತ್ತಿರೋದು ನಂಗೆ ಗೊತ್ತಿಲ್ಲ" ಎಂದರು. ಅವರು ಸೋತು ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಡಬ್ಬ ನನ್ನ ಕೈಗಿಟ್ಟು, "ಇನ್ನು ಈ ಬಸ್ಸನ್ನ ಬೇರೆ ಯಾರ ಕೈಗೂ ಕೊಡಲ್ಲ" ಎಂದರು.

ಸುರಿದೆ. ಇಂಜಿನ್ ಹದಿನೆಂಟು ವರ್ಷ ಚೆನ್ನಾಗಿ ಓಡಿತು. ಅಷ್ಟೂ ವರ್ಷ ಓಡಿಸಿದವನು ನಾನೇ.