ಸ್ಟಾಪ್‌ವಾಚ್ ಹಿಡಿದ ಆರು ತಿಂಗಳು

ಮ್ಯಾನೇಜ್‌ಮೆಂಟ್‌ನಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದವರು ಮುಂದೇನು ಮಾಡಬಹುದು ಎಂದು ಕೇಳಿಕೊಂಡು ಈಗಲೂ ಯಾರಾದರೂ ನನ್ನ ಮನೆಗೆ ಬರುತ್ತಾರೆ. ನನಗೆ ತಿಳಿದಷ್ಟು ಹೇಳಿ, ಕೊನೆಯಲ್ಲಿ ಮಿಲ್ಲಿನ ಕಥೆಯನ್ನೂ ಹೇಳುವುದು ನನಗೆ ರೂಢಿಯಾಗಿಬಿಟ್ಟಿದೆ. ತಪ್ಪು ವರದಿ ಬರೆದಿದ್ದೆ, ತಪ್ಪೆಂದು ಗೊತ್ತಾದ ಕೂಡಲೇ ತಿದ್ದಿ ಬರೆದುಕೊಟ್ಟೆ, ಕೆಲಸ ಬಿಟ್ಟೆ ಎಂಬ ಕಥೆ. ಕೇಳಿದವರು ತಲೆದೂಗುತ್ತಾರೆ. ಎಷ್ಟು ಸಲ ಹೇಳಿದ್ದೇನೆಂದರೆ, ನಡುನಡುವೆ ಎಲ್ಲಿ ನಿಲ್ಲಬೇಕು ಎಂಬುದೂ ಬಾಯಿಪಾಠವಾಗಿದೆ. ಇಷ್ಟು ನುಣುಪಾದ ನೆನಪನ್ನು ಬೇರೆಯವರು ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ಪೂರ್ವ ಕರಾವಳಿಯ ಒಂದು ವಿಶ್ವವಿದ್ಯಾಲಯದಲ್ಲಿ ಈ ಓದನ್ನು ಹೊಸದಾಗಿ ಶುರುಮಾಡಿದ್ದರು. ಅಲ್ಲಿ ಎರಡು ವರ್ಷ ಓದಿ ದಾವಣಗೆರೆಗೆ ವಾಪಸಾದೆ. ನಮ್ಮ ತಂದೆ ಮಂಡಿಪೇಟೆಯ ಒಂದು ಸಗಟು ಅಂಗಡಿಯಲ್ಲಿ ಗುಮಾಸ್ತರು. ಕೆ.ಬಿ. ಬಡಾವಣೆಯಲ್ಲಿ ಒಂದು ಮನೆಯ ಹಿಂಭಾಗದಲ್ಲಿ ಬಾಡಿಗೆಗಿದ್ದೆವು. ನಾನು ಏನು ಓದಿ ಬಂದಿದ್ದೇನೆಂದು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತುಮಾಡಿಸುವ ಹೊಣೆಯೂ ನನ್ನ ಮೇಲೇ ಬಿತ್ತು.

ಮೊದಲು ತಂದೆ ತಮ್ಮ ಸಾಹುಕಾರರ ಮುಂದೆ ಕರೆದುಕೊಂಡು ಹೋಗಿ ನಿಲ್ಲಿಸಿದರು. ಸಾಹುಕಾರರು ಗಾದಿಯ ಮೇಲೆ ಒರಗಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಕೂಡ್ರಿ. ಏನು ಕಲಿಸ್ತಾರ್ರಿ ಅಲ್ಲಿ?"

"ವ್ಯಾಪಾರ, ಕಾರ್ಖಾನೆ ಹೆಂಗೆ ನಡೆಸ್ಬೇಕು ಅಂತ."

"ಕಲಿಸಿದೋರು ಯಾವ ವ್ಯಾಪಾರ ಮಾಡ್ಯಾರೆ?"

"ಅವರು ಪ್ರೊಫೆಸರ್ರು."

"ಮತ್ತೆ!" ಎಂದು ಸಾಹುಕಾರರು ತಂದೆಯ ಕಡೆ ತಿರುಗಿದರು. "ಗುಮಾಸ್ತ್ರೆ, ನಿಮ್ಮ ಮಗನೂ ಅದೇ ಆಗ್ಲಿ ಬಿಡ್ರಿ. ಮಾಡೋದ್ಕಿಂತ ಹೇಳೋದು ಸುಖ ಐತೆ."

ಆಗ ಸಿಟ್ಟು ಬಂದಿತ್ತು. ನನ್ನ ಬಗ್ಗೆ ಯಾರಾದರೂ ನುಡಿದ ಭವಿಷ್ಯದಲ್ಲಿ ನಿಜವಾದದ್ದು ಅದೊಂದೇ.

ಆಮೇಲೆ ಹರಿಹರದ ಒಂದು ಕಾರ್ಖಾನೆಗೆ ಹೋದೆ. ಅಲ್ಲಿಯ ಅಧಿಕಾರಿ ಒಳ್ಳೆಯವರು, ಕಾಫಿ ತರಿಸಿಕೊಟ್ಟರು. "ನೀವು ಇಂಜಿನಿಯರ್ ಅಲ್ಲ. ಗುಮಾಸ್ತರ ಕೆಲಸ ಕೊಟ್ಟರೆ ನಿಮ್ಮ ಪದವಿಗೆ ಅವಮಾನ. ಎಲ್ಲಿ ಕೂಡಿಸೋಣ ಹೇಳಿ?" ಎಂದರು. ಇಬ್ಬರೂ ಕಾಫಿ ಮುಗಿಸಿದೆವು. ಬ್ಯಾಂಕಿನವರಿಗೆ ಬರೀ ಬಿ.ಕಾಂ. ಸಾಕಿತ್ತು. ಸರ್ಕಾರದ ಅರ್ಜಿಯಲ್ಲಿ ನನ್ನ ಪದವಿಯ ಹೆಸರು ಬರೆಯಲು ಜಾಗವೇ ಸಾಲುತ್ತಿರಲಿಲ್ಲ. ಹರಿಹರದಲ್ಲಿ ಒಂದು ಕಾಲೇಜು ಶುರುವಾಗುವ ಸುದ್ದಿಯಿತ್ತು. ಅದಕ್ಕೂ ಒಂದು ಅರ್ಜಿ ಹಾಕಿ ಮರೆತೆ. ಮರೆತೆ ಎಂದು ಇಷ್ಟು ವರ್ಷ ಅಂದುಕೊಂಡಿದ್ದೇನೆ.

ಕೊನೆಗೆ ದಾವಣಗೆರೆಯ ಒಂದು ಬಟ್ಟೆ ಮಿಲ್ಲಿನ ಮ್ಯಾನೇಜರು ಕರೆಸಿಕೊಂಡರು. ಹೊರಗಿನಿಂದ ಬಂದವರು, ಹೊಸ ವಿಧಾನಗಳಲ್ಲಿ ಆಸಕ್ತಿಯಿದ್ದವರು. ನನ್ನ ಕೈಗೆ ಒಂದು ಸ್ಟಾಪ್‌ವಾಚ್ ಕೊಟ್ಟರು. ನೇಯ್ಗೆಯ ಶೆಡ್ಡಿನಲ್ಲಿ ಒಬ್ಬೊಬ್ಬ ನೇಕಾರ ಎರಡು ಮಗ್ಗ ನೋಡಿಕೊಳ್ಳುತ್ತಿದ್ದ. ಒಂದು ಗಂಟೆಯಲ್ಲಿ ಅವನ ಕೈಗೆ ಎಷ್ಟು ನಿಮಿಷ ಕೆಲಸ, ಎಷ್ಟು ನಿಮಿಷ ಬಿಡುವು ಎಂದು ಅಳೆದು ವರದಿ ಕೊಡಬೇಕು. "ಆರು ತಿಂಗಳು ನೋಡೋಣ. ವರದಿ ಚೆನ್ನಾಗಿ ಬಂದರೆ ಕಾಯಂ," ಎಂದರು.

ಮಿಲ್ಲಿನ ಗೇಟಿನ ಹೊರಗೆ ದಿನಾ ಬೆಳಿಗ್ಗೆ ಒಂದಷ್ಟು ಜನ ನಿಂತಿರುತ್ತಿದ್ದರು. ಅವರು ಬದ್ಲಿಗಳು. ಒಳಗೆ ಯಾರಾದರೂ ಗೈರುಹಾಜರಾದರೆ ಅವರ ಬದಲಿಗೆ ಆವತ್ತಿನ ಮಟ್ಟಿಗೆ ಒಬ್ಬನನ್ನು ಕರೆಯುತ್ತಿದ್ದರು. ಉಳಿದವರು ಸೈರನ್ ಕೂಗಿದ ಮೇಲೂ ಸ್ವಲ್ಪ ಹೊತ್ತು ನಿಂತಿದ್ದು ಹೋಗುತ್ತಿದ್ದರು. ಆ ಗುಂಪಿನಲ್ಲಿ ನಮ್ಮ ತಂದೆಗೆ ಪರಿಚಯದ ಒಬ್ಬ ಹಿರಿಯ ನೇಕಾರರ ಅಳಿಯನಿದ್ದ. ಆ ಹಿರಿಯರು ಮುಸಲ್ಮಾನರು, ಮಿಲ್ಲು ಶುರುವಾದಾಗಿನಿಂದ ಅಲ್ಲಿದ್ದವರು. ನಾನು ಚಿಕ್ಕಂದಿನಿಂದಲೂ ಅವರನ್ನು ಚಾಚಾ ಎಂದೇ ಕರೆಯುತ್ತಿದ್ದೆ. ಅವರು ನನ್ನನ್ನು ತಮ್ಮಾ ಎನ್ನುತ್ತಿದ್ದರು. ಸ್ಟಾಪ್‌ವಾಚ್ ಬಂದ ದಿನದಿಂದ ಸಾಹೇಬ್ರೆ ಎಂದು ಶುರುಮಾಡಿದರು.

"ನೀವೂ ಹಂಗಂದ್ರೆ ಹೆಂಗೆ ಚಾಚಾ?" ಎಂದೆ. ಗೇಟಿನ ಎದುರಿಗಿದ್ದ ಮಂಡಕ್ಕಿ ಅಂಗಡಿಯ ಬೆಂಚಿನ ಮೇಲೆ ಕೂತಿದ್ದೆವು. "ನಂದೂ ಬದ್ಲಿ ನೌಕರಿನೇ. ಆರು ತಿಂಗ್ಳ ಪರೀಕ್ಷೆ. ಪಾಸಾದ್ರೆ ಉಂಟು."

ತಮಾಷೆಗೆ ಹೇಳಿದ ಮಾತು. ಅವರು ಮಂಡಕ್ಕಿ ತಿನ್ನುವುದನ್ನು ನಿಲ್ಲಿಸಿ, "ಇಷ್ಟು ಓದಿದೋರಿಗೂ ಪರೀಕ್ಷೆನಾ? ಫಿಕರ್ ಮಾಡಬ್ಯಾಡ್ರಿ. ನಮ್ಮ ಮಗ್ಗಕ್ಕೆ ಬರ್ರಿ," ಎಂದರು.

ಆ ಶೆಡ್ಡಿನಲ್ಲಿ ಒಂದು ರೂಢಿಯಿತ್ತು. ನನಗೆ ಆಮೇಲೆ ತಿಳಿದದ್ದು. ಹೊರಗಿನವರು ಯಾರಾದರೂ ಬಂದು ಒಬ್ಬನ ಮಗ್ಗದ ಮುಂದೆ ನಿಂತರೆ, ಅವರು ಹೋಗುವವರೆಗೂ ಆ ಮಗ್ಗ ನಿಲ್ಲಬಾರದು. ಅಕ್ಕಪಕ್ಕದವರು ತಮ್ಮ ಮಗ್ಗ ನಿಂತರೂ ಚಿಂತೆಯಿಲ್ಲವೆಂದು ಬಂದು ಅವನ ಲಾಳಿ ಬದಲಿಸುತ್ತಿದ್ದರು, ಹರಿದ ಎಳೆ ಕಟ್ಟುತ್ತಿದ್ದರು. ಮಗ್ಗದ ಒಡೆಯ ಮಾತ್ರ ನಿರಾಳವಾಗಿ ನಿಂತಿರಬೇಕು. ಮನೆಗೆ ನೆಂಟರು ಬಂದಾಗ ಪಕ್ಕದ ಮನೆಯವರು ಹಿತ್ತಲ ಬಾಗಿಲಿನಿಂದ ಹಾಲು ಕೊಟ್ಟು ಹೋಗುವುದಿಲ್ಲವೇ, ಹಾಗೆ.

ಮೂರು ವಾರ ಅಳೆದೆ, ಬಹುಪಾಲು ಚಾಚಾರ ಮಗ್ಗದಲ್ಲೇ. ಅವರು ಹೆಚ್ಚು ಹೊತ್ತು ಕೈಕಟ್ಟಿಕೊಂಡು ನಿಂತಿರುತ್ತಿದ್ದರು. ಶೆಡ್ಡಿನ ಗದ್ದಲದಲ್ಲಿ ಮಾತು ಕೇಳುವುದಿಲ್ಲ. ಅವರು ಎರಡೂ ಮಗ್ಗಗಳ ಕಡೆ ಗದ್ದ ಎತ್ತಿ ತೋರಿಸಿ ನಗುತ್ತಿದ್ದರು. ಒಂದೂ ನಿಂತಿಲ್ಲ, ನೋಡ್ಕೊಳ್ರಿ ಎಂಬಂತೆ. ನಾನು ಗುಂಡಿ ಒತ್ತಿ ಬಿಡುವಿನ ಕಾಲಮ್ಮಿನಲ್ಲಿ ಬರೆದುಕೊಳ್ಳುತ್ತಿದ್ದೆ.

ಇಲ್ಲಿಯೇ ನನ್ನ ನೆನಪು ಕೈಕೊಡುವುದು. ಪಕ್ಕದಿಂದ ಚಾಚಿಕೊಂಡು ಬಂದು ಹರಿದ ಎಳೆ ಕಟ್ಟುತ್ತಿದ್ದ ಒಂದು ಕೈ ನನಗೆ ಕಾಣಿಸುತ್ತದೆ. ಮಣಿಕಟ್ಟಿನಲ್ಲಿ ಕಪ್ಪು ದಾರ, ಹೆಬ್ಬೆರಳಿನ ಉಗುರು ಸೀಳಿದೆ. ಈಗಲೂ ಕಣ್ಣು ಮುಚ್ಚಿದರೆ ಕಾಣುತ್ತದೆ. ಆದರೆ ಅದನ್ನು ಆಗಲೇ ನೋಡಿದ್ದೆನೋ, ರೂಢಿಯ ವಿಷಯ ತಿಳಿದ ಮೇಲೆ ನನ್ನ ತಲೆಯೇ ಆ ಕೈಯನ್ನು ತಂದು ಅಲ್ಲಿಟ್ಟಿತೋ ಹೇಳಲಾರೆ. ಆಗಲೇ ನೋಡಿದ್ದರೆ ನಾನು ಬರೆದದ್ದು ತಪ್ಪಲ್ಲ, ಸುಳ್ಳು. ಎಷ್ಟೋ ವರ್ಷ ತಪ್ಪು ಎಂಬ ಮಾತನ್ನೇ ಬಳಸುತ್ತ ಬಂದಿದ್ದೇನೆ.

ವರದಿ ಅಚ್ಚುಕಟ್ಟಾಗಿ ಬಂತು. ನೇಕಾರನ ಅರ್ಧಕ್ಕಿಂತ ಹೆಚ್ಚು ಸಮಯ ಬಿಡುವಿನಲ್ಲಿ ಹೋಗುತ್ತದೆ, ಆದ್ದರಿಂದ ಎರಡರ ಬದಲು ನಾಲ್ಕು ಮಗ್ಗ ಕೊಡಬಹುದು. ಮ್ಯಾನೇಜರು ಎದ್ದು ನಿಂತು ಕೈ ಕುಲುಕಿದರು. ಕಾಯಂ ಪತ್ರ ಬಂತು. ತಂದೆ ಅದನ್ನು ಸಾಹುಕಾರರಿಗೆ ತೋರಿಸಲು ಒಯ್ದರು. ನಮ್ಮ ತಾಯಿ ಹರಕೆ ತೀರಿಸಲು ಉಕ್ಕಡಗಾತ್ರಿಗೆ ಹೋಗಿಬಂದರು.

ನಾಲ್ಕು ಮಗ್ಗ ಮೊದಲು ಒಂದು ಸಾಲಿಗೆ ಬಂತು. ಆ ಸಾಲಿನಲ್ಲಿ ಅರ್ಧ ಜನ ಮಗ್ಗವಿಲ್ಲದೆ ಹೆಚ್ಚಾದರು. ಯಾರನ್ನೂ ತೆಗೆಯುವುದಿಲ್ಲ ಎಂದಿದ್ದರು, ತೆಗೆಯಲಿಲ್ಲ, ಅಷ್ಟರಮಟ್ಟಿಗೆ ಮ್ಯಾನೇಜರು ಮಾತಿಗೆ ನಿಂತವರು. ಹೆಚ್ಚಾದವರನ್ನು ಗೈರುಹಾಜರಾದವರ ಜಾಗಕ್ಕೆ ಹಾಕಿದರು. ಅಂದರೆ ಗೇಟಿನಿಂದ ಬದ್ಲಿಗಳನ್ನು ಕರೆಯುವ ಅಗತ್ಯವೇ ಉಳಿಯಲಿಲ್ಲ. ಒಂದು ಬೆಳಿಗ್ಗೆ ಗೇಟಿನ ಮುಂದೆ ಮೂರೋ ನಾಲ್ಕೋ ಜನ ನಿಂತಿದ್ದರು. ಮರುದಿನ ಅವರೂ ಇರಲಿಲ್ಲ.

ನಾನು ಚಾಚಾರನ್ನು ಹುಡುಕಿಕೊಂಡು ಹೋದೆ. ಅವರು ಅದೇ ಬೆಂಚಿನ ಮೇಲೆ ಕಾಲು ನೀವಿಕೊಳ್ಳುತ್ತ ಕೂತಿದ್ದರು. ನಾಲ್ಕು ಮಗ್ಗ ಬಂದದ್ದು ಅವರ ಸಾಲಿಗೇ.

"ನೌಕರಿ ಪಕ್ಕಾ ಆತಂತಲ್ಲ?" ಎಂದರು.

"ಆತು. ಚಾಚಾ, ನಾಲ್ಕು ಮಗ್ಗ ಆಗ್ತಾವಾ?"

"ಎರಡಕ್ಕೇ ಕೈ ಸಾಲ್ತಿರ್ಲಿಲ್ಲ. ನೀವು ಬಂದಾಗ ಆ ಕಡೆಯೋನು, ಈ ಕಡೆಯೋನು ಸೇರಿ ನಡೆಸಿದ್ವಿ. ಈಗ ಅವರಿಗೂ ನಾಲ್ಕು. ಯಾರು ಯಾರ ಎಳೆ ಕಟ್ಟಾರೆ?"

"ಆಗಲೇ ಯಾಕ ಹೇಳ್ಲಿಲ್ಲ?"

"ನಿಮ್ಮ ಪರೀಕ್ಷೆ ಅಂದ್ರಿ. ಮಗ್ಗ ನಿಂತ್ರೆ ನಿಮಗೆ ಕೆಟ್ಟ ಹೆಸ್ರು ಅನ್ಕೊಂಡ್ವಿ." ಇನ್ನೊಂದು ಕಾಲು ನೀವಿಕೊಳ್ಳುತ್ತ, "ನಮ್ಮ ಅಳಿಯಂಗೂ ಹಿಂಗೇ ಯಾರಾದ್ರೂ ನೆರವಾಗ್ಲಿ ಅಂತಿತ್ತು," ಎಂದರು. ನನ್ನನ್ನು ಚುಚ್ಚಲು ಹೇಳಿದ್ದಲ್ಲ.

ಆ ವಾರ ನಾನು ಎರಡನೇ ವರದಿ ಬರೆದೆ. ಒಬ್ಬನ ಮಗ್ಗದಲ್ಲಿ ಮೂವರ ಕೈ ಕೆಲಸ ಮಾಡಿದೆ, ಮೊದಲ ವರದಿಯನ್ನು ಆಧಾರವಾಗಿ ಇಟ್ಟುಕೊಳ್ಳಬಾರದು, ಎರಡೇ ಮಗ್ಗ ಸರಿ ಎಂದು ಒಂದೂವರೆ ಪುಟ. ಇಷ್ಟು ಖಚಿತ. ಇಲ್ಲಿಂದ ಮುಂದೆ ನಾನು ಜನರಿಗೆ ಹೇಳುತ್ತ ಬಂದ ಕಥೆ ಹೀಗೆ: ವರದಿಯನ್ನು ಮ್ಯಾನೇಜರ ಮೇಜಿನ ಮೇಲಿಟ್ಟೆ, ಅವರು ಓದಿ ಪಕ್ಕಕ್ಕೆ ಸರಿಸಿದರು, ನಾನು ರಾಜೀನಾಮೆ ಕೊಟ್ಟು ಹೊರಬಂದೆ, ಆಮೇಲೆ ಹರಿಹರದ ಕಾಲೇಜಿಗೆ ಸೇರಿದೆ. ಸರಿಸಿದ ಕೈಯ ಉಂಗುರವನ್ನೂ ವರ್ಣಿಸುತ್ತಿದ್ದೆ.

ಹರಿಹರಕ್ಕೆ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದ ಮೊದಲ ವರ್ಷವೇ, ಅಲ್ಲಿಯ ಬಸ್ ನಿಲ್ದಾಣದ ಹತ್ತಿರ ಗಾದಿ ಹೊಲಿಯುವ ಅಂಗಡಿಯೊಂದರ ಮುಂದೆ, ಅಳಿಯನನ್ನು ನೋಡಲು ಬಂದಿದ್ದ ಚಾಚಾ ಸಿಕ್ಕರು. ಒಳಗೆ ಅಳಿಯ ಹತ್ತಿ ಬಡಿಯುತ್ತಿದ್ದ. ಗಡ್ಡ, ಹುಬ್ಬುಗಳ ಮೇಲೆಲ್ಲ ಹತ್ತಿ.

"ಇವರು ನಮ್ಮ ಶೆಡ್ಡಿನಾಗೆ ಪಾಸಾದೋರು, ಈಗ ಕಾಲೇಜಿನಾಗೆ ದೊಡ್ಡ ಮಾಸ್ತರ್ರು," ಎಂದು ಚಾಚಾ ನನ್ನನ್ನು ಅಂಗಡಿಯವರಿಗೆ ಪರಿಚಯಿಸಿದರು. ಅಳಿಯ ಬಡಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದ.

"ಇಲ್ಲೂ ಗಡಿಯಾರ ತಂದೀರೇನ್ರಿ?" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಎರಡನೇ ವರದಿಯ ವಿಷಯ ಅವರಿಗೆ ಹೇಳಬೇಕೆನಿಸಲಿಲ್ಲ. ಮ್ಯಾನೇಜರಿಗೆ ಅದನ್ನು ಕೊಟ್ಟಿದ್ದರೆ ಹೇಳದೆ ಇರುತ್ತಿದ್ದೆನೇ? ಈ ಪ್ರಶ್ನೆಯನ್ನು ನಾನು ಆಗಲೇ ಕೇಳಿಕೊಳ್ಳಬಹುದಿತ್ತು.

ಈಚೆಗೆ ಹಳೆಯ ಟ್ರಂಕು ಖಾಲಿ ಮಾಡುವಾಗ ಕಾಗದಗಳು ಸಿಕ್ಕವು. ಮಿಲ್ಲಿನಲ್ಲಿ ನಾವು ಏನೇ ಬರೆದರೂ ಕೆಳಗೆ ಕಾರ್ಬನ್ ಇಟ್ಟು ಬರೆಯುತ್ತಿದ್ದೆವು. ಮೇಲಿನ ಹಾಳೆ ಕಚೇರಿಗೆ, ಕೆಳಗಿನ ನೇರಳೆ ಅಕ್ಷರದ ಹಾಳೆ ನಮಗೆ. ಮೊದಲ ವರದಿ ಟ್ರಂಕಿನಲ್ಲಿ ನೇರಳೆ ಅಕ್ಷರದಲ್ಲಿತ್ತು. ರಾಜೀನಾಮೆಯೂ ಹಾಗೆಯೇ, ಸ್ವಂತ ಕಾರಣಗಳಿಗಾಗಿ ಎಂದು ಒಂದೇ ಸಾಲು. ಎರಡನೇ ವರದಿ ಮಾತ್ರ ಮೇಲಿನದೂ ಕೆಳಗಿನದೂ ಒಟ್ಟಿಗೆ, ತುಕ್ಕು ಹಿಡಿದ ಒಂದು ಗುಂಡುಸೂಜಿಯಲ್ಲಿ. ಮೇಲಿನದರಲ್ಲಿ ನನ್ನ ಸಹಿಯೂ ಇತ್ತು. ಕಾಲೇಜಿನ ನೇಮಕದ ಆದೇಶವೂ ಅಲ್ಲೇ ಸಿಕ್ಕಿತು. ಅದರ ತಾರೀಖು ರಾಜೀನಾಮೆಗಿಂತ ಹನ್ನೊಂದು ದಿನ ಹಿಂದಿನದು.

ಕಾಗದಗಳನ್ನು ಮತ್ತೆ ಮತ್ತೆ ನೋಡಿದೆ. ಬೇರೆ ಅರ್ಥ ಹುಡುಕಲು ಕಲಿತ ವಿದ್ಯೆಯೆಲ್ಲ ಬಳಸಿದೆ, ಸಿಗಲಿಲ್ಲ.

ಹೋದ ಭಾನುವಾರ ಒಬ್ಬ ತರುಣ ಬಂದಿದ್ದ. ಅದೇ ಪದವಿ, ಅದೇ ಪ್ರಶ್ನೆ. ಬ್ಯಾಂಕು, ಕಾರ್ಖಾನೆ, ಪಾಠ ಎಂದು ಎಲ್ಲ ಹೇಳಿದೆ. ಮಿಲ್ಲಿನ ಕಥೆಗೆ ಬಂದಾಗ, ತಿದ್ದಿದ ವರದಿ ಬರೆದೆ, ಆದರೆ ಕೊಡಲಿಲ್ಲ ಎಂದೆ. ಬಾಯಿಗೆ ರೂಢಿಯಿಲ್ಲದ ಮಾತು, ತಡವರಿಸಿತು. ಅವನು ಅದನ್ನು ಅಷ್ಟಾಗಿ ಗಮನಿಸಿದಂತೆ ಕಾಣಲಿಲ್ಲ.

"ಕಾಯಂ ಆಗಿತ್ತಲ್ಲ ಸರ್, ಮತ್ತೆ ಬಿಟ್ಟಿದ್ಯಾಕ?" ಎಂದು ಕೇಳಿದ.

"ಕಾಲೇಜಿನ ಆರ್ಡರ್ ಮೊದ್ಲೇ ಬಂದಿತ್ತು," ಎಂದೆ.

"ಹಂಗಾದ್ರೆ ಸರಿ ಬಿಡ್ರಿ," ಎಂದು ಚಹಾದ ಲೋಟ ಕೆಳಗಿಟ್ಟ.